ಹೋದ ದಾರಿಯಲ್ಲಿ ಮರಳದೆ: ಹಲವು ದಿನಗಳ ಸುತ್ತು ಚಾರಣವನ್ನು ಯೋಜಿಸುವ ಬಗೆ

ಸಂಡೂರಿನ ಕಣಿವೆಯ ನಡುವೆ ನಿಂತವರಿಗೆ ಎರಡೂ ಕಡೆ ಬೆಟ್ಟದ ಸಾಲುಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವುದು ಕಾಣುತ್ತದೆ. ನಾರಿಹಳ್ಳವು ಒಂದು ಸಾಲನ್ನು ಓಬಳಗಂಡಿಯಲ್ಲಿ ಸೀಳಿಕೊಂಡು ಕಣಿವೆಗೆ ಬಂದು, ಇನ್ನೊಂದು ಸಾಲನ್ನು ಭೀಮಗಂಡಿಯಲ್ಲಿ ಸೀಳಿಕೊಂಡು ಹೊರಗೆ ಹೋಗುತ್ತದೆ. ಉದ್ದಕ್ಕೆ ಎರಡು ಏಣು, ಎಂದರೆ ಬೆಟ್ಟದ ನೆತ್ತಿಯ ಸಾಲು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಅಡ್ಡದಾರಿ. ನಕ್ಷೆಯಲ್ಲಿ ನೋಡಿದರೆ ಅದು ನೆಲದ ಮೇಲೆ ಮಲಗಿಸಿದ ಏಣಿಯಂತಿರುತ್ತದೆ. ಹಲವು ದಿನಗಳ ಸುತ್ತು ಚಾರಣವನ್ನು ಯೋಜಿಸಲು ಕೂರುವವರು ಮೊದಲು ಕಣ್ಣಿಗೆ ರೂಢಿ ಮಾಡಿಸಬೇಕಾದದ್ದು ಈ ಏಣಿಯನ್ನು. ನೂರಾರು ಕಿಲೋಮೀಟರು ಸಾಗುವ ಎರಡು ಬೆಟ್ಟದ ಹಾದಿಗಳು ಏಣಿಯ ಎರಡು ಕಾಲುಗಳು. ಅವನ್ನು ಕೂಡಿಸುವ ಕಿರುಹಾದಿಗಳು ಅದರ ಮೆಟ್ಟಿಲುಗಳು. ಒಂದು ಮೆಟ್ಟಿಲಿನಿಂದ ದಾಟಿ ಇನ್ನೊಂದು ಮೆಟ್ಟಿಲಿನಿಂದ ಮರಳಿದರೆ ಸುತ್ತು ಮುಗಿಯಿತು. ಯಾವ ಎರಡು ಮೆಟ್ಟಿಲು ಎಂಬುದೇ ಯೋಜನೆಯ ಮುಕ್ಕಾಲು ಪಾಲು, ಮತ್ತು ನನ್ನ ಅನುಭವದಲ್ಲಿ ಅದನ್ನು ನಿರ್ಧರಿಸಬೇಕಾದದ್ದು ಕಿಲೋಮೀಟರಲ್ಲ, ನೀರು.

ಸಂಡೂರನ್ನು ಇಲ್ಲಿ ಹೇಳಿದ್ದು ಆಕಾರವನ್ನು ತೋರಿಸುವುದಕ್ಕೆ ಮಾತ್ರ. ಅಲ್ಲಿನ ಬೆಟ್ಟಗಳಲ್ಲಿ ಅರಣ್ಯ ಇಲಾಖೆಯ ಕಾಡೂ ಗಣಿ ಗುತ್ತಿಗೆಯ ನೆಲವೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಅನುಮತಿಯಿಲ್ಲದೆ ಏಣಿನ ಮೇಲೆ ದಿನಗಟ್ಟಲೆ ನಡೆಯುವ ಮಾತೇ ಇಲ್ಲ.

ನಮ್ಮ ಭಾಗದವರಿಗೆ ದಿನಗಟ್ಟಲೆ ನಡೆಯುವುದು ಹೊಸತೇನಲ್ಲ. ಯುಗಾದಿ ಹತ್ತಿರವಾದಾಗ ರಾಯಚೂರು, ಕೊಪ್ಪಳ, ಬಳ್ಳಾರಿಯ ಹಳ್ಳಿಗಳಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರಿಗಳು ವೆಂಕಟಾಪುರದಿಂದ ನಲ್ಲಮಲ ಕಾಡನ್ನು ಹೊಕ್ಕು, ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಲನುಗಳನ್ನು ದಾಟಿ ಕೈಲಾಸ ದ್ವಾರಕ್ಕೆ ಏರುತ್ತಾರೆ. ಆ ಹೆಸರುಗಳನ್ನು ಸ್ವಲ್ಪ ಗಮನಿಸಬೇಕು. ತೆಲುಗಿನಲ್ಲಿ ಚೆರುವು ಎಂದರೆ ಕೆರೆ, ಕೊಲನು ಎಂದರೆ ಕೊಳ. ಹಳೆಯ ಹಾದಿಯ ತಂಗುದಾಣಗಳು ನೀರಿನ ಹೆಸರಿನಲ್ಲೇ ಉಳಿದುಕೊಂಡಿವೆ. ಆದರೆ ಪಾದಯಾತ್ರೆಯ ಅನುಭವವನ್ನು ನೆಚ್ಚಿಕೊಂಡು ಸುತ್ತು ಚಾರಣಕ್ಕೆ ಹೊರಡುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಪಾದಯಾತ್ರೆಯಲ್ಲಿ ನೀರು, ಮಜ್ಜಿಗೆ, ಅನ್ನವನ್ನು ದಾಸೋಹ ಮಾಡುವ ಭಕ್ತರು ದಾರಿಯುದ್ದಕ್ಕೂ ಮೊದಲೇ ಹೊಂದಿಸಿರುತ್ತಾರೆ, ಎಂದರೆ ಯೋಜನೆಯ ಭಾರ ಬೇರೆಯವರ ಹೆಗಲ ಮೇಲಿರುತ್ತದೆ. ಮತ್ತೆ, ಮಲ್ಲಯ್ಯನ ದರ್ಶನವಾದ ಮೇಲೆ ಎಲ್ಲರೂ ಬಸ್ಸು ಹತ್ತಿ ಊರಿಗೆ ಬರುತ್ತಾರೆ. ಸುತ್ತು ಚಾರಣದಲ್ಲಿ ಮರಳುವುದೂ ಕಾಲಿನ ಮೇಲೆಯೇ, ಬೇರೆ ದಾರಿಯಿಂದಲೇ.

ಏಣಿಯನ್ನು ಹುಡುಕುವುದು

ಏಣಿಯ ಆಕಾರ ಸ್ಪಷ್ಟವಾಗಿ ಕಾಣುವ ಒಂದು ಜಾಗವೆಂದರೆ ಅಮೆರಿಕದ ದಕ್ಷಿಣ ಅಪಲಾಚಿಯನ್ ಬೆಟ್ಟಗಳು. ಬೆಂಟನ್ ಮೆಕೈ ಎಂಬವರು 1921ರಲ್ಲಿ ಪ್ರಸ್ತಾಪಿಸಿ, 1937ರಲ್ಲಿ ಪೂರ್ಣಗೊಂಡ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದದ್ದು. ಅವರ ಹೆಸರನ್ನೇ ಹೊತ್ತ ಬೆಂಟನ್ ಮೆಕೈ ಟ್ರೇಲ್ ಸುಮಾರು 460 ಕಿ.ಮೀ. ಎರಡೂ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು, ನಡುವೆ ಒಂದನ್ನೊಂದು ಹಾಯ್ದು, ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚಿನಲ್ಲಿ ಮತ್ತೆ ಹತ್ತಿರವಾಗುತ್ತವೆ. ಉದ್ಯಾನದೊಳಗೆ ಮೊದಲನೆಯದು 2,000 ಮೀಟರಿನ ಆಸುಪಾಸಿಗೆ ಏರುವ ಏಣನ್ನು ಹಿಡಿದರೆ, ಎರಡನೆಯದು ಕೆಳಗೆ ಫಾಂಟಾನಾ ಜಲಾಶಯದ ದಂಡೆಗುಂಟ ಸಾಗುತ್ತದೆ. ನಡುವೆ ಹಳ್ಳಗಳ ಗುಂಟ ಏರುವ ಅಡ್ಡಹಾದಿಗಳು ಹಲವಾರಿವೆ. ಇಡೀ ಹಾದಿಗೆ ತಿಂಗಳುಗಟ್ಟಲೆ ಬೇಕು, ಆದರೆ ಎರಡು ಅಡ್ಡಹಾದಿಗಳನ್ನು ಆರಿಸಿಕೊಂಡವರು ಅದೇ ಬೆಟ್ಟಗಳಲ್ಲಿ ಮೂರು ದಿನದ ಸುತ್ತನ್ನೂ ಹಾಕಬಹುದು, ಹತ್ತು ದಿನದ ಸುತ್ತನ್ನೂ ಹಾಕಬಹುದು.

ನೇಪಾಳದ ಎವರೆಸ್ಟ್ ಪ್ರದೇಶದಲ್ಲಿ ಇದೇ ಆಕಾರ ಹಣಿಗೆಯ ರೂಪ ತಾಳುತ್ತದೆ. ಛುಕುಂಗ್, ಲೊಬುಚೆ, ಗೋಕ್ಯೊ, ಥಾಮೆ ಕಡೆಯ ಕಣಿವೆಗಳು ಹಣಿಗೆಯ ಹಲ್ಲುಗಳಂತೆ ಮೇಲಕ್ಕೆ ಚಾಚಿಕೊಂಡಿವೆ, ಮತ್ತು ಎಲ್ಲವೂ ಕೆಳಗೆ ನಾಮ್ಚೆ ಬಜಾರಿನ ಕಡೆಗೆ ಕೂಡುತ್ತವೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಮೇಲಿನಿಂದಲೇ ದಾಟಲು ಮೂರು ಕಣಿವೆಬಾಯಿಗಳಿವೆ (ಬೆಟ್ಟದ ಸಾಲನ್ನು ದಾಟುವ ಪಾಸ್‌ಗಳು): 5,535 ಮೀಟರಿನ ಕೊಂಗ್ಮಾ ಲಾ, 5,420 ಮೀಟರಿನ ಚೋ ಲಾ, 5,360 ಮೀಟರಿನ ರೆಂಜೊ ಲಾ. ಮೂರನ್ನೂ ದಾಟುವ ಸುತ್ತು ಹೆಸರುವಾಸಿ. ಆದರೆ ಯೋಜಕನ ಕಣ್ಣಿಗೆ ಅದರ ಸೊಗಸು ಬೇರೆಯೇ ಇದೆ: ಯಾವ ಕಣಿವೆಬಾಯಿಯನ್ನು ಬಿಟ್ಟರೂ ಸುತ್ತು ಮುರಿಯುವುದಿಲ್ಲ, ಕೆಳಗಿನಿಂದ ಸುತ್ತಿಕೊಂಡು ಮುಂದಿನ ಹಲ್ಲಿಗೆ ಹೋಗಬಹುದು.

ಏಣಿ ಸಿಕ್ಕ ಮೇಲೆ ಸುತ್ತಿನ ಬಗೆಯನ್ನು ನಿರ್ಧರಿಸಬೇಕು. ಹೊರಟ ಜಾಗಕ್ಕೇ ಬಂದು ಸೇರುವ, ಎಲ್ಲಿಯೂ ಹೆಜ್ಜೆ ಮರುಕಳಿಸದ ಪೂರ್ಣ ಸುತ್ತು ಕೇಳಲು ಚೆಂದ, ಸಿಗುವುದು ಅಪರೂಪ. ಬಹುಪಾಲು ಒಳ್ಳೆಯ ಯೋಜನೆಗಳು ಸೌಟಿನ ಆಕಾರದವು: ರಸ್ತೆಯಿಂದ ಬೆಟ್ಟದ ಬುಡದವರೆಗಿನ ಹಿಡಿಕೆಯನ್ನು ಹೋಗುವಾಗಲೂ ಬರುವಾಗಲೂ ನಡೆಯಬೇಕು, ಆಚೆಗೆ ಸುತ್ತು. ಇದನ್ನು ಕೊರತೆಯೆಂದು ಎಣಿಸಬಾರದು. ಹಿಡಿಕೆಯ ತುದಿಯಲ್ಲಿ ಮನೆಯೋ ಅಂಗಡಿಯೋ ಇದ್ದರೆ ಕೊನೆಯ ದಿನದ ಊಟವನ್ನು ಅಲ್ಲಿಯೇ ಬಿಟ್ಟು ಹೋಗಬಹುದು. ಮೂರನೆಯದು 8ರ ಆಕಾರದ ಸುತ್ತು. ಅದರಲ್ಲಿ ನಡುವಿನ ಕೂಡುದಾರಿಗೆ ಎರಡು ಸಲ ಬರುವುದರಿಂದ, ಮೊದಲರ್ಧ ಮುಗಿದಾಗ ಕಾಲು, ಹವೆ, ಮನಸ್ಸು ಮೂರನ್ನೂ ನೋಡಿಕೊಂಡು ಮುಂದುವರಿಯುವುದೋ ಬಿಡುವುದೋ ಎಂದು ತೀರ್ಮಾನಿಸಬಹುದು. ಮೊದಲ ಸಲ ಹೊರಡುವವರಿಗೆ ನಾನು ಸೂಚಿಸುವುದು ಇದನ್ನೇ.

ಕೆಲವೊಮ್ಮೆ ಸುತ್ತಿನಂತೆ ಕಾಣುವುದು ಸುತ್ತಾಗಿರುವುದಿಲ್ಲ. 1,712 ಮೀಟರಿನ ಕುಮಾರಪರ್ವತಕ್ಕೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದಲೂ ಸೋಮವಾರಪೇಟೆಯ ಕಡೆಯಿಂದಲೂ ಹಾದಿಗಳಿವೆ. ಎರಡನ್ನೂ ಕೂಡಿಸಿದರೆ ಬೆಟ್ಟವನ್ನು ದಾಟಿದಂತಾಗುತ್ತದೆಯೇ ಹೊರತು ಸುತ್ತಿದಂತಾಗುವುದಿಲ್ಲ. ಎರಡು ತುದಿಗಳ ನಡುವಿನ ದೂರವನ್ನು ವಾಹನದಲ್ಲಿ ಕ್ರಮಿಸಬೇಕು, ಮತ್ತು ಆ ವಾಹನದ ಚಿಂತೆಯನ್ನು ತಪ್ಪಿಸುವುದಕ್ಕೇ ತಾನೆ ಸುತ್ತು ಬೇಕಾದದ್ದು.

ನೀರನ್ನು ಮೊದಲು ಬರೆಯುವುದು

ನಕ್ಷೆಯನ್ನು ಹರಡಿಕೊಂಡ ಕೂಡಲೇ ಎಲ್ಲರೂ ದಾರಿಯ ಮೇಲೆ ದಾರವಿಟ್ಟು ದೂರ ಅಳೆಯುತ್ತಾರೆ. ನಾನು ಕೇಳಿಕೊಳ್ಳುವುದೇನೆಂದರೆ, ದಾರವನ್ನು ಕೆಳಗಿಟ್ಟು ಮೊದಲು ನೀರನ್ನು ಗುರುತಿಸಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ.; ಸಾಮಾನ್ಯವಾಗಿ ಎತ್ತರದ ಗೆರೆಗಳ ನಡುವಿನ ಅಂತರ 20 ಮೀಟರು. ಈ ಹಾಳೆಗಳಲ್ಲಿ ವರ್ಷವಿಡೀ ಹರಿಯುವ ನೀರನ್ನು ನೀಲಿಯಲ್ಲೂ, ಮಳೆ ನಿಂತ ಮೇಲೆ ಒಣಗುವ ಹಳ್ಳವನ್ನು ಕಪ್ಪು ಗೆರೆಯಲ್ಲೂ ತೋರಿಸಿರುತ್ತಾರೆ. ಮೊಬೈಲ್ ನಕ್ಷೆಗಳಲ್ಲಿ ಬಹಳ ಸಲ ಈ ಭೇದವಿರುವುದಿಲ್ಲ; ಆಷಾಢದಲ್ಲಿ ನಾಲ್ಕು ದಿನ ಹರಿಯುವ ಹಳ್ಳಕ್ಕೂ ಅಲ್ಲಿ ನೀಲಿ ಬಣ್ಣವೇ.

ಈ ಪಾಠವನ್ನು ನಾನು ಕಲಿತದ್ದು ಫೆಬ್ರುವರಿಯ ಒಂದು ಮಧ್ಯಾಹ್ನ. ಮೊಬೈಲಿನಲ್ಲಿ ಮೂರು ನೀಲಿ ಗೆರೆಗಳನ್ನು ಎಣಿಸಿಕೊಂಡು ಒಂದೂವರೆ ಲೀಟರು ನೀರಿನೊಂದಿಗೆ ಹೊರಟಿದ್ದೆ. ಮೊದಲ ಗೆರೆಯಲ್ಲಿ ಮರಳಿತ್ತು, ಎರಡನೆಯದರಲ್ಲಿ ಬಿಳಿ ಉರುಟುಗಲ್ಲುಗಳಿದ್ದವು. ಮೂರನೆಯದನ್ನು ನೋಡುವ ಧೈರ್ಯ ಸಾಲದೆ ಬಂದ ದಾರಿಯಲ್ಲೇ ಇಳಿದೆ. ಸಂಜೆ ಕೆಳಗೆ ಸಿಕ್ಕ ಕುರಿ ಕಾಯುವವರು ನನ್ನ ಮಾತನ್ನು ಕೇಳಿ ನಕ್ಕರು. ಮೂರನೆಯ ಹಳ್ಳದ ಮಡುವಿನಲ್ಲಿ ನೀರಿತ್ತಂತೆ. ಅಂದಿನಿಂದ ಯಾವ ಬೆಟ್ಟಕ್ಕೆ ಹೋಗುವ ಮೊದಲೂ ಕುರಿಗಾಹಿಗಳನ್ನು ಕೇಳುವ ರೂಢಿ ಇಟ್ಟುಕೊಂಡಿದ್ದೇನೆ. ನಮ್ಮ ಮೂರೂ ಜಿಲ್ಲೆಗಳ ಕುರುಬರು ಮಂದೆಯೊಂದಿಗೆ ತಿಂಗಳುಗಟ್ಟಲೆ ಊರೂರು ತಿರುಗುವವರು. ನಾಳೆಯ ಹಟ್ಟಿ ಎಲ್ಲಿ ಎಂಬುದನ್ನು ಅವರು ಮೇವು ಮತ್ತು ನೀರನ್ನು ಬಿಟ್ಟು ಬೇರೆ ಲೆಕ್ಕದಿಂದ ನಿರ್ಧರಿಸುವುದಿಲ್ಲ. ಹಿಮಾಲಯದಲ್ಲಿಯೂ ಈ ಪ್ರಶ್ನೆಗೆ ಉತ್ತರ ಬಲ್ಲವರು ಕುರಿಗಾಹಿಗಳೇ.

ಗುರುತಿಸಿದ ಪ್ರತಿಯೊಂದು ನೀರಿನ ಜಾಗಕ್ಕೂ ಮೂರರಲ್ಲಿ ಒಂದು ಅಕ್ಷರ ಬರೆಯಬೇಕು: ಖಚಿತವಾಗಿ ಇರುವುದಕ್ಕೆ ‘ಖ’, ಅನುಮಾನವಿದ್ದರೆ ‘ಅ’, ಒಣಗಿದ್ದರೆ ‘ಒ’. ಲೆಕ್ಕಕ್ಕೆ ತೆಗೆದುಕೊಳ್ಳುವುದು ‘ಖ’ಗಳನ್ನು ಮಾತ್ರ. ಅನುಮಾನದ ನೀರು ಸಿಕ್ಕರೆ ಸಂತೋಷ, ಆದರೆ ಒಂದು ಖಚಿತ ನೀರಿನಿಂದ ಮುಂದಿನ ಖಚಿತ ನೀರಿನವರೆಗೆ ಬೇಕಾದದ್ದನ್ನು ಬೆನ್ನ ಮೇಲೆ ಹೊತ್ತೇ ಹೊರಡಬೇಕು. ತಂಪು ಹವೆಯಲ್ಲಿ ನಡೆಯುವ ಒಂದು ಗಂಟೆಗೆ ಅರ್ಧ ಲೀಟರು, ನಮ್ಮಲ್ಲಿಯ ಬಿಸಿಲಿನಲ್ಲಿ ಮುಕ್ಕಾಲರಿಂದ ಒಂದು ಲೀಟರು ಎಂದಿಟ್ಟುಕೊಳ್ಳಬಹುದು. ನೀರಿಲ್ಲದ ಕಡೆ ರಾತ್ರಿ ಕಳೆಯಬೇಕಾದರೆ ಅಡುಗೆಗೂ ಕುಡಿಯಲಿಕ್ಕೂ ಸೇರಿ ಕನಿಷ್ಠ ಎರಡು ಲೀಟರು ಹೆಚ್ಚು ಬೇಕು. ಒಂದು ಲೀಟರಿನ ತೂಕ ಒಂದು ಕಿಲೋ. ಏಳು ಗಂಟೆಯ ಒಣ ನಡಿಗೆ, ಒಂದು ಒಣ ರಾತ್ರಿ, ಮರುದಿನ ಎರಡು ಗಂಟೆಯ ದಾರಿ ಎಂದರೆ ತಂಪಿನಲ್ಲಿಯೇ ಆರೂವರೆ ಕಿಲೋ ಆಯಿತು. ಈ ಅಂಕಿ ಕಣ್ಣೆದುರು ಬಂದ ಕೂಡಲೇ ಎಷ್ಟೋ ಸುಂದರವಾದ ಏಣಿನ ಹಾದಿಗಳು ತಾವಾಗಿ ಯೋಜನೆಯಿಂದ ಬಿದ್ದುಹೋಗುತ್ತವೆ, ಸ್ವಲ್ಪ ಕೆಳಗಿನ ಮೆಟ್ಟಿಲು ಮುಂದೆ ಬರುತ್ತದೆ.

ಸಿಕ್ಕ ನೀರನ್ನು ಕುದಿಸುವುದೋ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯುವುದೋ, ಸೋಸುಕವನ್ನು ಬಳಸುವುದೋ ಅವರವರಿಗೆ ಬಿಟ್ಟದ್ದು. ಆದರೆ ನಮ್ಮ ಜಿಲ್ಲೆಗಳಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಮಾತು: ಕೊಪ್ಪಳ, ರಾಯಚೂರುಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ, ಮತ್ತು ಅದು ಕುದಿಸುವುದರಿಂದ ಹೋಗುವುದಿಲ್ಲ. ಊರಿನವರು ಕುಡಿಯುವ ಶುದ್ಧ ನೀರಿನ ಘಟಕದಲ್ಲೇ ತುಂಬಿಸಿಕೊಳ್ಳುವುದು ಮೇಲು.

ದಿನಗಳನ್ನು ತುಂಡರಿಸುವುದು

ನೀರಿನ ಗುರುತುಗಳಾದ ಮೇಲೆ ರಾತ್ರಿಗಳನ್ನು ಇಡಬೇಕು. ರಾತ್ರಿ ಖಚಿತ ನೀರಿನ ಹತ್ತಿರ ಇರಬೇಕು, ಅಲ್ಲಿ ತಂಗಲು ಅನುಮತಿಯಿರಬೇಕು, ಹಳ್ಳದ ಪಾತ್ರದಲ್ಲಿಯೂ ಏಣಿನ ನೆತ್ತಿಯಲ್ಲಿಯೂ ಇರಬಾರದು. ಈ ಮೂರೂ ಕೂಡುವ ಜಾಗಗಳು ಒಂದು ಸುತ್ತಿನಲ್ಲಿ ಆರೇಳು ಸಿಕ್ಕರೆ ಹೆಚ್ಚು. ದಿನದ ದೂರವನ್ನು ಅವು ಹೇಳುತ್ತವೆ. ನಾವು ಹದಿನೈದು ಕಿಲೋಮೀಟರಿನ ಸಮಭಾಗ ಮಾಡಲು ಹೋಗಬಾರದು. ಒಂದು ದಿನ ಎಂಟು, ಇನ್ನೊಂದು ದಿನ ಹತ್ತೊಂಬತ್ತು ಆದರೂ ಸರಿಯೇ, ಎರಡೂ ಹೊತ್ತು ಮುಳುಗುವ ಮೊದಲು ಮುಗಿಯುವಂತಿದ್ದರೆ.

ಮುಗಿಯುತ್ತದೆಯೇ ಎಂದು ತಿಳಿಯಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಸಾಕು. ಸಮತಟ್ಟಿನ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರಿನ ಏರಿಗೆ ಇನ್ನೊಂದು ಗಂಟೆ. 14 ಕಿ.ಮೀ. ದೂರ ಮತ್ತು 900 ಮೀಟರು ಏರು ಇರುವ ದಿನಕ್ಕೆ 2.8 ಗಂಟೆಯೂ 1.5 ಗಂಟೆಯೂ ಸೇರಿ 4.3 ಗಂಟೆ. ಆದರೆ ಇದು ಗಟ್ಟಿ ಕಾಲಿನ, ಹಗುರ ಚೀಲದ, ಎಲ್ಲಿಯೂ ಕೂರದ ಮನುಷ್ಯನ ಲೆಕ್ಕ. ಹದಿಮೂರು ಹದಿನಾಲ್ಕು ಕಿಲೋ ಹೊತ್ತು, ಊಟಕ್ಕೆ ಕುಳಿತು, ಫೋಟೊ ತೆಗೆಯುತ್ತ ಹೋಗುವವರು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ಎಂದರೆ ಆರೂವರೆ ಗಂಟೆ. ಗುಂಪಿನಲ್ಲಿದ್ದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಗುಂಪಿನ ವೇಗ. ಏರನ್ನು ಲೆಕ್ಕ ಮಾಡುವಾಗ ಮೊದಲ ಮತ್ತು ಕೊನೆಯ ಎತ್ತರಗಳನ್ನು ಕಳೆದರೆ ಸಾಲದು. ನಡುವೆ ಇಳಿದು ಮತ್ತೆ ಹತ್ತಿದ ಪ್ರತಿಯೊಂದು ಉಬ್ಬನ್ನೂ ಗೆರೆ ಗೆರೆಯಾಗಿ ಎಣಿಸಿ ಕೂಡಿಸಬೇಕು. ಹೊರಟಲ್ಲಿಗೇ ಮರಳುವ ಸುತ್ತಿನಲ್ಲಿ ಹತ್ತಿದ್ದೂ ಇಳಿದದ್ದೂ ಸಮನಾಗಿಯೇ ತೀರಬೇಕಾದ್ದರಿಂದ, ಎರಡು ಮೊತ್ತಗಳು ತಾಳೆಯಾಗದಿದ್ದರೆ ಎಣಿಕೆಯಲ್ಲಿ ತಪ್ಪಿದೆ ಎಂದು ಅಲ್ಲಿಯೇ ಗೊತ್ತಾಗುತ್ತದೆ.

ಹಿಮಾಲಯದಲ್ಲಿ ಇನ್ನೊಂದು ಕಟ್ಟಳೆ ಸೇರಿಕೊಳ್ಳುತ್ತದೆ. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಯಿಂದ ಮುಂದಿನ ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ತಲೆನೋವು, ವಾಂತಿ, ತೂರಾಟ ಕಾಣಿಸಿಕೊಂಡರೆ ಇಳಿಯುವುದೊಂದೇ ದಾರಿ.

ಯಾವ ಕೈಯಿಂದ ಸುತ್ತುವುದು

ದೇವಸ್ಥಾನದಲ್ಲಾದರೆ ಪ್ರದಕ್ಷಿಣೆ ಬಲಕ್ಕೇ. ಬೆಟ್ಟದಲ್ಲಿ ಎಡವೋ ಬಲವೋ ಎಂಬುದನ್ನು ಇಳಿಜಾರು ನಿರ್ಧರಿಸುತ್ತದೆ, ಮತ್ತು ಯೋಜಿಸುವವರು ಈ ವಿಷಯಕ್ಕೆ ಕೊಡಬೇಕಾದಷ್ಟು ಸಮಯ ಕೊಡುವುದಿಲ್ಲ ಎಂಬುದು ನನ್ನ ತಕರಾರು.

ಅನ್ನಪೂರ್ಣ ಪರ್ವತದ ಸುತ್ತಿನ ಹಾದಿಯನ್ನೇ ನೋಡಬಹುದು. 5,416 ಮೀಟರಿನ ಥೊರಾಂಗ್ ಲಾ ಅದರ ನೆತ್ತಿ. ಪೂರ್ವದಿಂದ ಬರುವವರು ಸುಮಾರು 3,540 ಮೀಟರಿನ ಮನಾಂಗ್‌ನಲ್ಲಿ ಒಂದೆರಡು ದಿನ ನಿಂತು, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 4,450 ಮೀಟರಿನ ಥೊರಾಂಗ್ ಫೇದಿಗೆ ಬಂದು ಮಲಗಿ, ಮರುದಿನ ನಸುಕಿನಲ್ಲಿ ಸುಮಾರು ಸಾವಿರ ಮೀಟರು ಹತ್ತುತ್ತಾರೆ. ಪಶ್ಚಿಮದಿಂದ ಬರುವವರು ಸುಮಾರು 3,760 ಮೀಟರಿನ ಮುಕ್ತಿನಾಥದಿಂದ ಹೊರಟರೆ ಒಂದೇ ಏರಿನಲ್ಲಿ 1,600 ಮೀಟರಿಗೂ ಹೆಚ್ಚು ಹತ್ತಬೇಕಾಗುತ್ತದೆ. ಹಾದಿ ಒಂದೇ, ಬೆಟ್ಟ ಒಂದೇ. ಆದರೂ ಹೆಚ್ಚಿನವರು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದು ಇದೇ ಕಾರಣಕ್ಕೆ.

ಎತ್ತರ ಕಡಿಮೆಯಿರುವ ಬೆಟ್ಟಗಳಲ್ಲಿ ದಿಕ್ಕನ್ನು ಬಿಸಿಲು ಮತ್ತು ಚೀಲದ ತೂಕ ನಿರ್ಧರಿಸುತ್ತವೆ. ಮುಂಜಾನೆ ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು ನೆರಳಿನಲ್ಲಿರುತ್ತದೆ. ದೊಡ್ಡ ಏರು ಅಂತಹ ಕಡೆ ಬೆಳಿಗ್ಗೆ ಬರುವಂತೆ ಸುತ್ತಿನ ದಿಕ್ಕನ್ನು ಇಟ್ಟುಕೊಂಡರೆ ಅರ್ಧ ನೀರು ಉಳಿಯುತ್ತದೆ. ಮೊದಲ ದಿನ ಚೀಲದಲ್ಲಿ ಪೂರ್ತಿ ಬುತ್ತಿ ಇರುವುದರಿಂದ ಸಾಧಾರಣ ಏರಿನ ಕಡೆಯಿಂದ ಹೊಕ್ಕು, ಕಡಿದಾದ ಭಾಗವನ್ನು ಬುತ್ತಿ ಕರಗಿದ ದಿನಗಳಿಗೆ ಉಳಿಸಿಕೊಳ್ಳುವುದು ಜಾಣತನ. ಮೊಣಕಾಲು ನೋವಿರುವವರು ಇದನ್ನು ತಿರುವುಮುರುವು ಮಾಡಿ, ಕಡಿದಾದದ್ದನ್ನು ಹತ್ತಿ ನಿಧಾನವಾದದ್ದನ್ನು ಇಳಿಯಬೇಕು.

ಸುತ್ತಿಗೆ ಮೊದಲು ಕೊನೆ ಎಂಬುದಿಲ್ಲ ಎಂಬುದೂ ನೆನಪಿರಬೇಕು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶಗಳನ್ನು ಹಾಯುವ ಮಾಂಟ್ ಬ್ಲಾಂಕ್ ಸುತ್ತು ಸುಮಾರು 170 ಕಿ.ಮೀ.; ರೂಢಿಯಂತೆ ಫ್ರಾನ್ಸಿನ ಲೆಜೂಷ್‌ನಿಂದ ಹೊರಡುತ್ತಾರೆ. ತಂಗುಮನೆಗಳು ತಿಂಗಳುಗಳ ಮೊದಲೇ ತುಂಬಿರುವ ಆ ಹಾದಿಯಲ್ಲಿ, ಇಟಲಿಯ ಕೂರ್ಮಾಯರ್‌ನಿಂದ ಹೊರಟು ಅಲ್ಲಿಗೇ ಮರಳುವವರಿಗೆ ದಿನಾಂಕಗಳು ಹೊಂದಿಕೊಳ್ಳುವುದುಂಟು.

ಬಿಟ್ಟು ಬರುವ ದಾರಿಗಳು

ಏಣಿಯಲ್ಲಿ ನಾವು ಆರಿಸದೆ ಬಿಟ್ಟ ಮೆಟ್ಟಿಲುಗಳೂ ಕೆಲಸಕ್ಕೆ ಬರುತ್ತವೆ. ಪ್ರತಿ ರಾತ್ರಿಯ ತಂಗುದಾಣದಿಂದಲೂ ಒಂದು ಹಗಲಿನೊಳಗೆ ರಸ್ತೆಯನ್ನೋ ಊರನ್ನೋ ಸೇರಬಹುದಾದ ಒಂದು ಹಾದಿಯನ್ನು ನಕ್ಷೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತಿಸಬೇಕು. ಅಂತಹ ಹಾದಿ ಇಲ್ಲದ ರಾತ್ರಿ ಒಂದಿದ್ದರೆ ಸೈರಿಸಬಹುದು. ಒಂದರ ಹಿಂದೆ ಒಂದು ಎರಡು ಬಂದರೆ ಆ ಸುತ್ತನ್ನು ಕೈಬಿಟ್ಟು ಬೇರೆ ಮೆಟ್ಟಿಲು ಹುಡುಕಬೇಕು. ಸುತ್ತಿನ ಅತಿ ದೂರದ ಬಿಂದುವನ್ನೂ ಗುರುತಿಸಿಕೊಳ್ಳಬೇಕು. ಅಲ್ಲಿಯವರೆಗೆ ಹಿಂದಕ್ಕೆ ತಿರುಗುವುದು ಹತ್ತಿರ, ಅಲ್ಲಿಂದಾಚೆಗೆ ಮುಂದೆ ಹೋಗುವುದೇ ಹತ್ತಿರ. ಆ ಬಿಂದುವನ್ನು ದಾಟುವ ಮೊದಲು ನಿಂತು, ಊಟ ಎಷ್ಟು ಉಳಿದಿದೆ, ಯಾರ ಕಾಲಿಗೆ ಬೊಬ್ಬೆ ಬಂದಿದೆ, ಮೋಡ ಎತ್ತ ಕಡೆಯದು ಎಂದು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು.

ಅನುಮತಿಯ ವಿಷಯದಲ್ಲಿ ಆಸೆಗಿಂತ ಕಾನೂನು ಮುಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಪರವಾನಗಿ ಬೇಕು. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡವಾಗಿ ಕಾದಿರಿಸಿಕೊಳ್ಳಬೇಕಾಗುತ್ತದೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಅವು ಬಹುಪಾಲು ಹಗಲಿನಲ್ಲಿ ಹೋಗಿ ಬರುವ ಹಾದಿಗಳಾದ್ದರಿಂದ, ಕಾಡಿನಲ್ಲೇ ರಾತ್ರಿ ಕಳೆಯುತ್ತ ಸುತ್ತುವ ಯೋಜನೆಯನ್ನು ಪಶ್ಚಿಮ ಘಟ್ಟಕ್ಕೆ ಹೊಂದಿಸಲು ಹೆಣಗುವುದಕ್ಕಿಂತ, ರಾತ್ರಿಗಳನ್ನು ಕಾಡಂಚಿನ ಊರುಗಳಲ್ಲಿಡುವುದು ಅಥವಾ ಹಿಮಾಲಯದ ಕಡೆಗೆ ನೋಡುವುದು ವಾಸಿ. ಬೇರೆ ದೇಶದವರ ಕೈಪಿಡಿಗಳನ್ನು ಓದಿ ಉಪಗ್ರಹ ಫೋನನ್ನೋ ಉಪಗ್ರಹ ಸಂದೇಶದ ಸಾಧನವನ್ನೋ ತರಿಸಿಕೊಳ್ಳುವವರೂ ಇದ್ದಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಂಡರೆ ಬಂಧನಕ್ಕೊಳಗಾಗಬಹುದು. ಅಡುಗೆಯ ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ, ಹೋದ ಊರಿನಲ್ಲಿಯೇ ಕೊಳ್ಳಬೇಕು.

ಬುತ್ತಿ

ಇದೊಂದರಲ್ಲಿ ನಮ್ಮ ಭಾಗದವರು ಯಾರಿಂದಲೂ ಕಲಿಯಬೇಕಾದದ್ದಿಲ್ಲ. ಒಬ್ಬರಿಗೆ ದಿನಕ್ಕೆ 600ರಿಂದ 700 ಗ್ರಾಂ ಒಣ ಆಹಾರ ಎಂದು ಹಿಡಿದರೆ ಐದು ದಿನಕ್ಕೆ ಮೂರೂಕಾಲು ಕಿಲೋದಷ್ಟಾಗುತ್ತದೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 560 ಕಿಲೋ ಕ್ಯಾಲೊರಿ ಇದೆ. ಅಂಗಡಿಯ ದುಬಾರಿ ಚಾರಣ ತಿನಿಸುಗಳಲ್ಲಿ ಎಷ್ಟೋ ಇದರ ಹತ್ತಿರಕ್ಕೂ ಬರುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ, ಅಂಟಿನ ಉಂಡೆ, ಒಗ್ಗರಣೆ ಹಾಕಿ ಆರಿಸಿದ ಅವಲಕ್ಕಿ: ಇವು ಒಲೆಯಿಲ್ಲದೆ ಐದು ದಿನವನ್ನು ದಾಟಿಸುತ್ತವೆ. ರೊಟ್ಟಿ ಚೀಲದಲ್ಲಿ ಮುರಿದು ಚೂರಾಗುತ್ತದೆ ಎಂಬ ದೂರಿಗೆ ಉತ್ತರ, ಮೊದಲೇ ಮುರಿದು ಬಟ್ಟೆಯ ಚೀಲದಲ್ಲಿ ಒತ್ತಿ ತುಂಬುವುದು. ಮಂಡಕ್ಕಿಯ ಮೇಲೆ ನಮಗೆಲ್ಲ ಪ್ರೀತಿಯಿದ್ದರೂ ಅದು ಜಾಗ ತಿನ್ನುತ್ತದೆ, ಮನೆಯಲ್ಲೇ ಇರಲಿ. ಯಾವ ಹೊತ್ತಿಗೆ ಯಾವುದು ಎಂದು ದಿನದ ಪೊಟ್ಟಣ ಕಟ್ಟಿ ಮೇಲೆ ಅಂಕಿ ಬರೆಯಬೇಕು, ಕೊನೆಗೆ ಅಂಕಿಯಿಲ್ಲದ ಒಂದು ಪೊಟ್ಟಣ ಹೆಚ್ಚಿಗೆ ಇರಬೇಕು.

ಚೀಲದ ಒಟ್ಟು ತೂಕ, ನೀರೂ ಸೇರಿ, ಹೊರುವವರ ತೂಕದ ಕಾಲು ಭಾಗವನ್ನು ಮೀರಬಾರದು. ಮಿಕ್ಕ ಸಾಮಾನುಗಳ ಪಟ್ಟಿಯನ್ನು ಎಲ್ಲರೂ ಬಲ್ಲರು. ದಿಕ್ಸೂಚಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಕಬ್ಬಿಣದ ಅದಿರಿರುವ ಬೆಟ್ಟಗಳಲ್ಲಿ ಅದರ ಮುಳ್ಳು ಹಾದಿ ತಪ್ಪಿಸಬಲ್ಲದು. ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಹತ್ತಿರ ಒಂದು ತಾಲೀಮು

ದೊಡ್ಡ ಸುತ್ತಿಗೆ ಮೊದಲು ನವೆಂಬರಿನಿಂದ ಜನವರಿಯೊಳಗೆ ಎರಡು ರಾತ್ರಿಯ ಒಂದು ಸಣ್ಣ ಸುತ್ತನ್ನು ಹಾಕಬೇಕು. ಗಂಗಾವತಿಯಿಂದ ಆನೆಗೊಂದಿ, ಅಲ್ಲಿಂದ ಅಂಜನಾದ್ರಿಯ ಬುಡ, ಸಣಾಪುರ, ಅಲ್ಲಿಂದ ಹಿರೇಬೆಣಕಲ್, ಮರಳಿ ಗಂಗಾವತಿ ಎಂಬುದು ಒಂದು ಒಳ್ಳೆಯ ತಾಲೀಮು. ಊರದಾರಿ ಮತ್ತು ರಸ್ತೆಗಳಲ್ಲೇ ಸಾಗುತ್ತ, ರಾತ್ರಿಯನ್ನು ಊರಿನಲ್ಲಿಯೇ ಕಳೆಯುವಂತೆ ಇದನ್ನು ಕಟ್ಟಬೇಕು. ದೂರಗಳನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಹಾಳೆಯ ಮೇಲೆ ದಾರವಿಟ್ಟು ಅಳೆಯುವುದೂ, ‘ಖ’ ‘ಅ’ ‘ಒ’ ಬರೆಯುವುದೂ ತಾಲೀಮಿನ ಮೊದಲ ಭಾಗ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಪೂರ್ತಿ ಚೀಲದೊಂದಿಗೆ ಹತ್ತಿ ಇಳಿದರೆ ಚೀಲದಲ್ಲಿ ಏನು ಹೆಚ್ಚಾಗಿದೆ ಎಂಬುದು ಮುನ್ನೂರನೆಯ ಮೆಟ್ಟಿಲಿಗೇ ತಿಳಿಯುತ್ತದೆ. ಹಿರೇಬೆಣಕಲ್ಲಿನ ಮೊರೇರ ಬೆಟ್ಟಕ್ಕೆ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹಗಲಿನಲ್ಲಿಯೇ ಹೋಗಿ ಬರಬೇಕು. ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಕಲ್ಮನೆಗಳ ನಡುವೆ ಅಲ್ಲೊಂದು ನೀರಿನ ಹೊಂಡವಿದೆ. ಆ ಬೆಟ್ಟವನ್ನು ಆರಿಸಿಕೊಂಡವರೂ ನೀರನ್ನು ಮೊದಲು ನೋಡಿದ್ದರೆಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಬೆಳಗಾಗುವ ಮೊದಲೇ ಹೊರಡಬೇಕೆಂಬ ಬೆಟ್ಟದ ನಿಯಮ ಈ ಸುತ್ತಿಗೆ ಸಲ್ಲದು. ಇಲ್ಲಿನ ಬಂಡೆಗುಡ್ಡಗಳಲ್ಲಿ ಚಿರತೆಯೂ ಕರಡಿಯೂ ಇವೆ, ಮತ್ತು ಅವು ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಬಿಸಿಲು ಬಂದ ಮೇಲೆ ಊರು ಬಿಟ್ಟು, ಸಂಜೆ ಐದರೊಳಗೆ ಮುಂದಿನ ಊರಿನಲ್ಲಿರಬೇಕು.

ಹೊರಡುವ ಹಿಂದಿನ ದಿನ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಬೇಕು: ದಿನಾಂಕ, ಆ ರಾತ್ರಿಯ ತಂಗುದಾಣ, ಅಲ್ಲಿಗೆ ತಲುಪುವ ಅಂದಾಜು ಹೊತ್ತು, ಕೆಂಪು ಪೆನ್ಸಿಲ್ಲಿನ ಹಾದಿ ಸೇರುವ ಊರಿನ ಹೆಸರು, ಜೊತೆಗಿರುವವರ ಹೆಸರು ಮತ್ತು ರಕ್ತದ ಗುಂಪು. ಒಂದು ಪ್ರತಿ ಚೀಲದಲ್ಲಿ, ಒಂದು ಪ್ರತಿ ಮನೆಯಲ್ಲಿ. ಮನೆಯ ಪ್ರತಿಯ ಕೆಳಗೆ ಎರಡು ಹೊತ್ತುಗಳನ್ನು ಬೇರೆ ಬೇರೆಯಾಗಿ ಬರೆಯಬೇಕು, ಮರಳುವೆವೆಂದು ಅಂದುಕೊಂಡ ಹೊತ್ತು ಮತ್ತು ಅಲ್ಲಿಯವರೆಗೂ ಸುದ್ದಿ ಬರದಿದ್ದರೆ 112ಕ್ಕೂ ಆ ಭಾಗದ ಅರಣ್ಯ ಕಚೇರಿಗೂ ಕರೆ ಮಾಡಬೇಕಾದ ಹೊತ್ತು. ಎರಡರ ನಡುವೆ ಒಂದು ಪೂರ್ತಿ ಹಗಲಿನ ಅಂತರವಿದ್ದರೆ, ಬಸ್ಸು ತಪ್ಪಿಸಿಕೊಂಡ ಕಾರಣಕ್ಕೆ ಯಾರೂ ಹುಡುಕಿಕೊಂಡು ಬರುವುದಿಲ್ಲ.